ಅಪ್‌ಡೇಟ್: ದೋಸೆ ಚೆನ್ನಾಗಿ ಬರುತ್ತೆ, ಚಟ್ನಿ ಮಂಜಾಗುತ್ತೆ ಅಂದಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ: ದಾವಣಗೆರೆಯಲ್ಲಿ ಮಾವನ ಬೆಣ್ಣೆ ದೋಸೆ ಹೋಟೆಲ್‌ಗೆ ಫೋಟೊ ತೆಗೆದರೆ ದೋಸೆಯ ಮುಂದಿನ ಅಂಚಷ್ಟೇ ಸ್ಪಷ್ಟ, ಹಿಂದಿನ ಚಟ್ನಿ, ಪಲ್ಯ ಎಲ್ಲ ಮಸುಕು, ಲೆನ್ಸ್ ಕೆಟ್ಟಿದೆಯಾ ಅಂತ. ಕೆಟ್ಟಿಲ್ಲ. ನನ್ನ ಫೋನಿನದು ಒಂದು ಇಂಚಿನ ಸೆನ್ಸರ್, ಅಂದರೆ ಬೆಳಕು ಹಿಡಿಯೋ ಚಿಪ್ (ಹೆಸರಿಗಷ್ಟೇ ಇಂಚು, ಕರ್ಣ ಅಳೆದರೆ ಸುಮಾರು 16 ಮಿ.ಮೀ.), ಅಪರ್ಚರ್ ಅಂದರೆ ಬೆಳಕು ಒಳಗೆ ಬರೋ ಕಿಂಡಿ ಬದಲಾಗಲ್ಲ. ಅಷ್ಟು ದೊಡ್ಡ ಸೆನ್ಸರ್, ಅಗಲ ಕಿಂಡಿ, ಅದರ ಮೇಲೆ ನಾನು ತಟ್ಟೆಗೇ ಮೂಗು ಇಡೋ ಹಾಗೆ ಹತ್ತಿರ ಹೋಗ್ತಿದ್ದೆ. ಫೋಕಸ್ ಸಿಗೋ ಆಳ ತೀರಾ ಕಮ್ಮಿ.

ಚಿತ್ರದುರ್ಗದಿಂದ ಬಂದ ಚಿಕ್ಕಪ್ಪನ ಮಗನ ಹತ್ರ ಶಿಯೋಮಿ 14 ಅಲ್ಟ್ರಾ ಫೋನ್ ಇತ್ತು. ಅದರಲ್ಲಿ ಎಫ್/1.63ರಿಂದ ಎಫ್/4ರವರೆಗೆ ಕಿಂಡಿ ಕಿರಿದು ಮಾಡಬಹುದು (ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಫೋಕಸ್ ಆಳ ಜಾಸ್ತಿ). ಎಫ್/4ಕ್ಕೆ ಇಟ್ಟೆವು, ಚಟ್ನಿಯಲ್ಲಿನ ಒಗ್ಗರಣೆ ಸಾಸಿವೆನೂ ಕಾಣ್ತು! ಆದರೆ ಬೆಳಕು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಒಲೆ ಪಕ್ಕದ ಕತ್ತಲಲ್ಲಿ ಫೋಟೊ ತುಂಬ ಬರೀ ಚುಕ್ಕೆಚುಕ್ಕೆ. ಟೇಬಲ್ಲನ್ನ ಬಾಗಿಲ ಹತ್ರ ಎಳೆದ ಮೇಲೆ ಸರಿಹೋಯ್ತು. ಗಿರಾಕಿಗಳ ಬೈಗುಳ ಬೇರೆ.

ಮನೇಲಿದ್ದ ಹಳೇ ಗ್ಯಾಲಕ್ಸಿ ಎಸ್9ನೂ ನೋಡಿದೆ. 2018ರಲ್ಲೇ ಅದಕ್ಕೆ ಎಫ್/1.5, ಎಫ್/2.4 ಎರಡು ಹಂತ ಇತ್ತು. ಸೆನ್ಸರ್ ಚಿಕ್ಕದು, ಎರಡರಲ್ಲೂ ತಟ್ಟೆ ಪೂರ್ತಿ ಸ್ಪಷ್ಟವೇ.

ಹೊಸ ಫೋನ್ ತಗೊಳ್ತಿಲ್ಲ. "ಎರಡು ಹೆಜ್ಜೆ ಹಿಂದೆ ಹೋಗಿ 2ಎಕ್ಸ್ ಜೂಮ್‌ನಲ್ಲಿ ತೆಗಿ" ಅಂದವರ ಮಾತೇ ಕೆಲಸಕ್ಕೆ ಬಂತು. ಮೆನು ಬೋರ್ಡ್ ನಿನ್ನೆ ಪ್ರಿಂಟಿಗೆ ಹೋಯ್ತು.