ದವಡೆ ಮೂಳೆಗೆ ಪಿಸಿಎಲ್-ಹೈಡ್ರಾಕ್ಸಿಅಪಟೈಟ್ ಫಿಲಮೆಂಟ್: ಪುಡಿ 30 ಪರ್ಸೆಂಟ್ ದಾಟಿದರೆ ಮುರಿಯುತ್ತಿದೆ, ಏನು ಮಾಡಲಿ?

ದಾವಣಗೆರೆ ಪಿಜಿ:
ಎಲ್ಲರಿಗೂ ನಮಸ್ಕಾರ. ನಾನು ಬಾಯಿ-ದವಡೆ ಸರ್ಜರಿಯಲ್ಲಿ ಎಂಡಿಎಸ್ ಓದುತ್ತಿದ್ದೇನೆ. ಥೀಸಿಸ್‌ಗಾಗಿ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಹುಡುಗರ ಜೊತೆ ಸೇರಿದ್ದೇನೆ. ಮೈಯಲ್ಲಿ ನಿಧಾನವಾಗಿ ಕರಗುವ ಪಿಸಿಎಲ್ ಪ್ಲಾಸ್ಟಿಕ್‌ಗೆ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಖನಿಜ) ಪುಡಿ ಬೆರೆಸಿ, 1.75 ಮಿ.ಮೀ. ಫಿಲಮೆಂಟ್ (ಪ್ರಿಂಟರ್‌ಗೆ ಹಾಕುವ ದಾರದಂಥ ಎಳೆ) ಎಳೆದು, 3ಡಿ ಪ್ರಿಂಟರ್‌ನ 0.4 ಮಿ.ಮೀ. ನಾಜಲ್‌ನಲ್ಲಿ, ಹೊಸ ಮೂಳೆ ಬೆಳೆಯಲು ಆಸರೆಯಾಗುವ ಜಾಲರಿ ಪ್ರಿಂಟ್ ಮಾಡುತ್ತಿದ್ದೇವೆ. ಪುಡಿ ತೂಕದಲ್ಲಿ 20 ಪರ್ಸೆಂಟ್ ಇರುವ ತನಕ ಸಲೀಸು. 30 ದಾಟಿದರೆ ಫಿಲಮೆಂಟ್ ಅದನ್ನು ತಳ್ಳುವ ಗೇರ್ ಹತ್ತಿರವೇ ಪಟಕ್ಕನೆ ಮುರಿಯುತ್ತದೆ, ಇಲ್ಲಾಂದ್ರೆ ನಾಜಲ್ ಕಟ್ಟಿಕೊಳ್ಳುತ್ತದೆ.

ಗೈಡ್ ಸರ್ ಕೇಳುವುದು ಒಂದೇ: "ಮೂಳೆಯಲ್ಲಿ ಖನಿಜವೇ 60-70 ಪರ್ಸೆಂಟ್ ಇದೆ, ನಿಮ್ಮದು 20 ಅಂದ್ರೆ ಹೇಗ್ರೀ?" ಅದೂ ಸರಿ ಅನ್ನಿಸುತ್ತದೆ. ನಮ್ಮ ವಾರ್ಡ್‌ಗೆ ಗುಟ್ಕಾ ಕ್ಯಾನ್ಸರ್‌ನವರು, ಅಮಿಲೋಬ್ಲಾಸ್ಟೋಮ ಗಡ್ಡೆಯವರು ಬರುತ್ತಾರೆ. ಕತ್ತರಿಸಿದ ದವಡೆಗೆ ಕಾಲಿನ ಫಿಬುಲಾ ಮೂಳೆ ತಂದು ಕೂರಿಸಬೇಕು. ಬಾಯಿಯ ಗಾಯದ ಜೊತೆ ಕಾಲಿಗೂ ಒಂದು ಗಾಯ. ಅದನ್ನು ತಪ್ಪಿಸುವ ಆಸೆ ನನಗೆ. 50 ಪರ್ಸೆಂಟ್ ಮುಟ್ಟುವ ದಾರಿ ಇದೆಯಾ?

ಪ್ರಿಂಟರ್ ರಿಪೇರಿ:
ಹಿತ್ತಾಳೆ ನಾಜಲ್ ಇದ್ದರೆ ಮೊದಲು ಬಿಸಾಡಿ. ಸೆರಾಮಿಕ್ ಪುಡಿ ಅದನ್ನು ತಿಂದುಹಾಕುತ್ತದೆ. ಗಟ್ಟಿ ಸ್ಟೀಲಿನದು, 0.6 ಸೈಜ್ ಹಾಕಿ. ಪುಡಿಯನ್ನು ಒಣಗಿಸಿ ಜರಡಿ ಹಿಡಿಯಿರಿ, ಉಂಡೆ ಕಟ್ಟಿದ ಪುಡಿಯೇ ನಾಜಲ್ ಮುಚ್ಚುವುದು. ಇನ್ನೊಂದು, ಪಿಸಿಎಲ್ 60 ಡಿಗ್ರಿಗೇ ಕರಗುತ್ತದೆ. ಬಿಸಿ ಮೇಲಕ್ಕೆ ಹತ್ತಿ ಗೇರ್ ಬಳಿಯೇ ಮೆತ್ತಗಾಗುತ್ತಿದೆಯೇನೋ ನೋಡಿ, ಫ್ಯಾನ್ ಜಾಸ್ತಿ ಮಾಡಿ. ಆದರೆ 50 ಪರ್ಸೆಂಟ್ ಬೇಕಂದ್ರೆ ಫಿಲಮೆಂಟ್ ಸಹವಾಸವೇ ಬೇಡ. ಚೂರುಗಳನ್ನು ಬಿಸಿ ಸಿಲಿಂಡರ್‌ಗೆ ತುಂಬಿ, ಗಾಳಿಯ ಒತ್ತಡದಲ್ಲಿ ಚಕ್ಕುಲಿ ಒತ್ತಿದ ಹಾಗೆ ಒತ್ತುವ ಪ್ರಿಂಟರ್ ಸಿಗುತ್ತದೆ.

ಮೈಸೂರು ಸೆರಾಮಿಕ್ಸ್:
ಡಾಕ್ಟ್ರೇ, 50 ಯಾಕೆ ಬೇಕು ಅಂತ ಮೊದಲು ಕೇಳಿಕೊಳ್ಳಿ. ಗಟ್ಟಿಗಾಗಿಯಾ? ಪಿಸಿಎಲ್‌ನ ಬಿಗಿತ ಅರ್ಧ ಗಿಗಾಪಾಸ್ಕಲ್‌ಗಿಂತ ಕಡಿಮೆ. ದವಡೆಯ ಹೊರಪದರದ ಮೂಳೆಯದು 10ಕ್ಕಿಂತ ಜಾಸ್ತಿ. ಪುಡಿ ಎಷ್ಟು ಸುರಿದರೂ ಆ ಅಂತರ ಮುಚ್ಚಲ್ಲ. ಅಗಿಯುವ ಭಾರ ಹೊರುವುದು ಟೈಟಾನಿಯಂ ಪ್ಲೇಟ್, ನಿಮ್ಮ ಜಾಲರಿ ಅಲ್ಲ.

ಪುಡಿ ಇರುವುದು ಜೀವಕೋಶಗಳಿಗೆ. ಕರಗಿಸಿ ಪ್ರಿಂಟ್ ಮಾಡಿದಾಗ ಅದು ಪ್ಲಾಸ್ಟಿಕ್ ಸಿಪ್ಪೆಯೊಳಗೆ ಹೂತುಹೋಗುತ್ತದೆ, ಕೋಶಕ್ಕೆ ಸಿಗುವುದೇ ಇಲ್ಲ. ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದಿ ಮೇಲ್ಪದರ ಸ್ವಲ್ಪ ತಿನ್ನಿಸಿ. ಪುಡಿ ಹೊರಗೆ ಕಾಣುತ್ತದೆ, ನೀರನ್ನೂ ಹಿಡಿಯುತ್ತದೆ. 20 ಪರ್ಸೆಂಟ್‌ನಲ್ಲೇ ಇದು ಆಗುವ ಕೆಲಸ.

2016ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 90 ಪರ್ಸೆಂಟ್ ಹೈಡ್ರಾಕ್ಸಿಅಪಟೈಟ್ ಇರುವ, ಬಗ್ಗುವ ಜಾಲರಿ ತೋರಿಸಿದರು. ನಿಮ್ಮ ಗೈಡ್ ಅದನ್ನು ನೋಡಿರಬಹುದು. ಆದರೆ ಅವರು ಕರಗಿಸಲಿಲ್ಲ. ಸಾಲ್ವೆಂಟ್‌ನಲ್ಲಿ (ಪ್ಲಾಸ್ಟಿಕ್ ಕರಗಿಸುವ ದ್ರವ) ಶಾಯಿ ಮಾಡಿ ಕೋಣೆಯ ಉಷ್ಣತೆಯಲ್ಲೇ ಪ್ರಿಂಟ್ ಮಾಡಿದರು. ಆ ದಾರಿ ಹಿಡಿದರೆ ಸಾಲ್ವೆಂಟ್ ಪೂರ್ತಿ ಹೋಗಿದೆ ಅಂತ ತೋರಿಸಬೇಕು, ಥೀಸಿಸ್ ಅವಧಿಯಲ್ಲಿ ತಲೆನೋವು.

ನನಗೆ ಮುಖ್ಯ ಅನ್ನಿಸುವುದು ಬೇರೆ. 2015ರಲ್ಲಿ ಮಿಷಿಗನ್ ತಂಡದ ಒಂದು ಕೇಸ್ ಪ್ರಕಟವಾಯಿತು. ಹಲ್ಲಿನ ಪಕ್ಕದ ಮೂಳೆ ಕೊರತೆಗೆ ಪಿಸಿಎಲ್ ಜಾಲರಿ, 4 ಪರ್ಸೆಂಟ್ ಹೈಡ್ರಾಕ್ಸಿಅಪಟೈಟ್. ಒಂದು ವರ್ಷ ಒಸಡಿನ ಕೆಳಗೆ ಚೆನ್ನಾಗಿತ್ತು. 13ನೇ ತಿಂಗಳು ಒಸಡು ಬಾಯ್ಬಿಟ್ಟಿತು, ಕೊನೆಗೆ ತೆಗೆಯಬೇಕಾಯಿತು. ಅಷ್ಟು ದಿನವಾದರೂ ಪಿಸಿಎಲ್ ಬಹುಪಾಲು ಹಾಗೇ ಕೂತಿತ್ತು! ಮೈಯಲ್ಲಿ ಅದು ಪೂರ್ತಿ ಕರಗಲು ಎರಡು ವರ್ಷಕ್ಕೂ ಜಾಸ್ತಿ ಬೇಕು. ಬಾಯಿ ಅಂದರೆ ಜೊಲ್ಲು, ಬ್ಯಾಕ್ಟೀರಿಯಾ, ತೆಳು ಒಸಡು. ತೊಡೆ ಮೂಳೆಯ ಲೆಕ್ಕ ಇಲ್ಲಿ ನಡೆಯಲ್ಲ. ಹೈಡ್ರಾಕ್ಸಿಅಪಟೈಟ್ ಕೂಡ ಬೇಗ ಕರಗುವುದಲ್ಲ. ಅರ್ಧ ಪುಡಿ ಬೀಟಾ-ಟಿಸಿಪಿ (ಇನ್ನೊಂದು ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) ಮಾಡಿ, ಅದು ಬೇಗ ಕರಗುತ್ತದೆ. ರಂಧ್ರ 300 ಮೈಕ್ರಾನ್‌ಗಿಂತ ಕಡಿಮೆ ಬೇಡ, ರಕ್ತನಾಳ ಒಳಗೆ ಬರಬೇಕಲ್ವಾ? 0.6 ನಾಜಲ್ ಹಾಕಿದರೆ ಎಳೆ ದಪ್ಪ ಆಗುತ್ತದೆ, ನಡುವಿನ ಜಾಗ ಮತ್ತೆ ಲೆಕ್ಕ ಹಾಕಿ.

ಹುಬ್ಬಳ್ಳಿ ಸರ್ಜನ್:
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ತಮ್ಮಾ, ಕ್ಯಾನ್ಸರ್ ಪೇಷಂಟ್‌ಗಳನ್ನು ಸದ್ಯಕ್ಕೆ ಮರೆತುಬಿಡು. ಫಿಬುಲಾ ತನ್ನ ರಕ್ತನಾಳವನ್ನು ಜೊತೆಗೇ ತರುತ್ತದೆ. ರೇಡಿಯೇಷನ್ ಬಿದ್ದ ಜಾಗದಲ್ಲಿ ಬದುಕುವುದು ಅದಕ್ಕೇ. ನಿನ್ನ ಜಾಲರಿಗೆ ಅಲ್ಲಿ ರಕ್ತ ಕೊಡುವವರು ಯಾರು? ಹಾಗಂತ ಸಣ್ಣ ಸಿಸ್ಟ್ (ನೀರುಗಂಟು) ತೆಗೆದ ಗುಳಿ ತೋರಿಸಿ ಗೆದ್ದೆ ಅನ್ನಬೇಡ, ಅದು ಸುಮ್ನೆ ಬಿಟ್ಟರೂ ತುಂಬಿಕೊಳ್ಳುತ್ತದೆ. ಹಲ್ಲು ಕಿತ್ತ ಮೇಲೆ ಸವೆದ ದಿಂಡು (ಹಲ್ಲು ಕೂರುವ ದವಡೆ ಮೂಳೆಯ ಏಣು) ಇರುತ್ತದಲ್ಲ, ಇಂಪ್ಲಾಂಟ್‌ಗೆ ಮುಂಚೆ ಅಲ್ಲಿ ಎತ್ತರ ಬೇಕು. ಅಲ್ಲಿ ಮೂಳೆ ತುಂಬುವ ಗ್ರಾನ್ಯೂಲ್ ಕಾಳು ಜಾರಿಹೋಗುತ್ತದೆ, ಆಕಾರ ಹಿಡಿದು ನಿಲ್ಲುವ ಜಾಲರಿಗೆ ನಿಜವಾದ ಕೆಲಸ ಇದೆ.

ದಾವಣಗೆರೆ ಪಿಜಿ:
ತುಂಬಾ ಥ್ಯಾಂಕ್ಸ್. ದಿಂಡಿನ ಕೊರತೆಗೇ ಇಳಿಸುತ್ತೇನೆ, 20 ಪರ್ಸೆಂಟ್, ಅರ್ಧ ಟಿಸಿಪಿ. ಗೈಡ್‌ಗೆ ಆ 13ನೇ ತಿಂಗಳ ಕೇಸ್ ತೋರಿಸುತ್ತೇನೆ. ಒಂದು ಡೌಟು: ಕೋಶ ಪರೀಕ್ಷೆಗೆ ಮುಂಚೆ ಸ್ಟೆರಿಲೈಸ್ ಹೇಗೆ? ನಮ್ಮಲ್ಲಿ ಆಟೋಕ್ಲೇವ್ (ಬಿಸಿ ಹಬೆಯ ಯಂತ್ರ) ಮಾತ್ರ ಇದೆ.

ಮೈಸೂರು ಸೆರಾಮಿಕ್ಸ್:
ಅಯ್ಯೋ, 121 ಡಿಗ್ರಿಗೆ ಇಟ್ಟರೆ ಬಾಗಿಲು ತೆಗೆದಾಗ ತಟ್ಟೆಯಲ್ಲಿ ಬಿಳಿ ಕೊಚ್ಚೆ ಇರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಎಥಿಲೀನ್ ಆಕ್ಸೈಡ್ ಇರುತ್ತದೆ, ಕೇಳಿ ನೋಡಿ. ಗ್ಯಾಸ್ ಪೂರ್ತಿ ಹೊರಹೋಗಲು ಬಿಡಬೇಕು, ಇಲ್ಲಾಂದ್ರೆ ಕೋಶ ಸತ್ತದ್ದು ಗ್ಯಾಸಿಗೋ ಜಾಲರಿಗೋ ತಿಳಿಯಲ್ಲ. ಗಾಮಾ ಕಿರಣ ಕೂಡ ಆಗುತ್ತದೆ, ಆದರೆ ಅದು ಪಿಸಿಎಲ್ ಸರಪಳಿಗಳನ್ನು ಬದಲಿಸುತ್ತದೆ. ಹಾಗಾಗಿ ಶಕ್ತಿ ಪರೀಕ್ಷೆಯನ್ನೂ ಸ್ಟೆರಿಲೈಸ್ ಆದ ತುಂಡಿನ ಮೇಲೆಯೇ ಮಾಡಿ.