ಗೋಕರ್ಣದಲ್ಲಿ ಹೊರದೇಶದ ಸಂಗೀತಗಾರರೊಂದಿಗೆ ಹಾಡಲು ಕರೆ ಬಂದಿದೆ, ಅನುಭವ ಇದ್ದವರು ತಿಳಿಸಿ

ಕೇಳಿದವರು: ಕುಮಟಾ ಕಡೆಯ ಗಾಯನ ವಿದ್ಯಾರ್ಥಿನಿ

ನನಗೆ 24 ವರ್ಷ. ಹತ್ತು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ, ಹಾರ್ಮೋನಿಯಂನ ಕಪ್ಪು ನಾಲ್ಕನೆಯ ಮನೆಯನ್ನು ಷಡ್ಜ (ಸಾ) ಮಾಡಿಕೊಂಡು ಹಾಡುತ್ತೇನೆ. ಕಳೆದ ತಿಂಗಳು ಕುಡ್ಲೆ ತೀರದಲ್ಲಿ ಇಬ್ಬರು ಸಂಗೀತಗಾರರ ಪರಿಚಯವಾಯಿತು. ಒಬ್ಬರು ಸ್ಪೇನಿನ ಗಿಟಾರ್ ವಾದಕ, ಇನ್ನೊಬ್ಬರು ಹ್ಯಾಂಡ್‌ಪ್ಯಾನ್ ನುಡಿಸುವ ಜರ್ಮನಿಯ ಹೆಂಗಸು. ಮೂರು ಸಂಜೆ ಒಟ್ಟಿಗೆ ಕುಳಿತೆವು. ಮೊದಲ ದಿನ ಮನೆಗೆ ಬರುವಾಗ ಬಸ್ಸಿನಲ್ಲಿಯೂ ಗುನುಗುತ್ತಿದ್ದೆ. ಮೂರನೆಯ ದಿನದ ಮರುಬೆಳಗ್ಗೆ ತಂಬೂರಿ ಹಿಡಿದು ಯಮನ್ ರಾಗ ಎತ್ತಿದರೆ ಗಾಂಧಾರ (ಗ ಸ್ವರ) ತನ್ನ ಜಾಗದಲ್ಲಿ ನಿಲ್ಲಲಿಲ್ಲ, ಎಳೆಯಷ್ಟು ಮೇಲೆ ಹೋಗಿ ನಿಂತಿತು. ಅಂದಿನಿಂದ ಹೆದರಿಕೆ ಹಿಡಿದಿದೆ.

ಈ ಚಳಿಗಾಲ ಪೂರ್ತಿ ಜೊತೆಗೂಡಿ ಏನಾದರೂ ಕಟ್ಟೋಣ ಎಂದು ಅವರು ಕರೆದಿದ್ದಾರೆ. ಗುರುಗಳಿಗೆ ಇನ್ನೂ ಹೇಳಿಲ್ಲ. ಅಪ್ಪ ಬಿ.ಎಡ್. ಅರ್ಜಿ ತಂದಿಟ್ಟಿದ್ದಾರೆ. ಬೇರೆ ಸಂಸ್ಕೃತಿಯವರ ಜೊತೆ ಕುಳಿತರೆ ನನ್ನದು ಕೆಡುತ್ತದೆಯೇ? ಇದನ್ನೇ ನಂಬಿ ಬದುಕಬಹುದೇ? ಬಲ್ಲವರು ಹೇಳಬೇಕು.

ಉತ್ತರ: ಗೋಕರ್ಣದ ತಬಲಾ ವಾದಕ

ತಂಗಿ, ಮೊದಲು ಗಾಂಧಾರದ ಮಾತು. ಅದು ನಿನ್ನ ಕಂಠದ ದೋಷವಲ್ಲ. ಗಿಟಾರಿನಲ್ಲಿ ಹನ್ನೆರಡು ಸ್ವರಗಳನ್ನು ಸಮ ಅಂತರದಲ್ಲಿ ಕೂರಿಸಿರುತ್ತಾರೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಒಳಗಿಂದ ತಾನಾಗಿ ಏಳುವ ಶುದ್ಧ ಗಾಂಧಾರ ಅದಕ್ಕಿಂತ ತುಸು ಇಳಿದದ್ದು. ಮೂರು ಸಂಜೆ ನಿನ್ನ ಕಿವಿ ಅವರ ಗಾಂಧಾರವನ್ನು ಗೌರವದಿಂದ ಕೇಳಿಸಿಕೊಂಡಿದೆ, ಅಷ್ಟೇ. ಅಲ್ಲಿಂದ ಬಂದ ದಿನ ಮಲಗುವ ಮೊದಲು ಅರ್ಧ ಗಂಟೆ ತಂಬೂರಿಯ ಮುಂದೆ ಸುಮ್ಮನೆ ಕುಳಿತುಕೋ, ಹಾಡಬೇಡ. ಕಿವಿ ಮನೆಗೆ ಮರಳುತ್ತದೆ.

ಹ್ಯಾಂಡ್‌ಪ್ಯಾನ್ ಜೊತೆ ಹೊಂದಿಕೊಳ್ಳಲು ನಮ್ಮ ತಂಡಕ್ಕೆ ಒಂದು ವಾರ ಬೇಕಾಯಿತು, ನಿನಗೆ ಅಷ್ಟು ಬೇಡವೆಂದು ವಿವರವಾಗಿ ಬರೆಯುತ್ತೇನೆ. 2000ನೇ ಇಸವಿಯಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ‘ಹಾಂಗ್’ ಎಂಬ ವಾದ್ಯದ ಪೀಳಿಗೆ ಅದು. ಉಕ್ಕಿನ ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿದಂತೆ ಇರುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದ ಸ್ವರ ಕೂತಲ್ಲೇ ಕೂತಿರುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಂಬ ಮಾತೇ ಇಲ್ಲ. ಇಲ್ಲಿಗೆ ಬರುವವರಲ್ಲಿ ಹಲವರ ಬಳಿ ಇರುವುದು ‘ಡಿ ಕುರ್ದ್’ ಎಂಬ ಜೋಡಣೆ. ನಡುವಿನ ಉಬ್ಬು ಮಂದ್ರದ ಬಿಳಿ ಎರಡು, ಸುತ್ತಲಿನ ಎಂಟು ಸ್ವರಗಳು ಬಿಳಿ ಆರರಿಂದ ಏರುತ್ತವೆ.

ನಾವು ನಡುವಿನ ಉಬ್ಬನ್ನೇ ಷಡ್ಜವೆಂದುಕೊಂಡೆವು. ಆಸಾವರಿ ಥಾಟಿನ, ಅಂದರೆ ದರಬಾರಿಯಂಥ ರಾಗಗಳ ಗುಂಪಿನ, ಸ್ವರಗಳು ಸಿಕ್ಕವು. ನಮ್ಮ ಗಾಯಕರು ಸಂತೋಷದಿಂದ ದರಬಾರಿ ಎತ್ತಿದರು. ದರಬಾರಿಯ ಗಾಂಧಾರ ತೂಗಬೇಕಲ್ಲವೇ? ಇವರು ತೂಗುವಾಗಲೆಲ್ಲ ಉಕ್ಕಿನ ಗಾಂಧಾರ ನೆಟ್ಟ ಕಲ್ಲಿನಂತೆ ಅಡ್ಡ ಬರುತ್ತಿತ್ತು. ನಾಲ್ಕು ದಿನ ಹೀಗೇ ಹೋಯಿತು. ಐದನೆಯ ದಿನ ಹ್ಯಾಂಡ್‌ಪ್ಯಾನ್ ನುಡಿಸುವವನೇ ಕೇಳಿದ: ‘ನಿಮ್ಮ ಸಾ ಇದೇ ಆಗಬೇಕೆಂದು ಯಾರು ಹೇಳಿದರು?’ ಸುತ್ತಿನ ಮೊದಲ ಸ್ವರವನ್ನು, ಅಂದರೆ ಬಿಳಿ ಆರನ್ನು, ಷಡ್ಜ ಮಾಡಿ ಏರಿದೆವು. ಭೈರವಿ! ಒಂದು ಸಪ್ತಕ ಪೂರ್ತಿ, ತಾರ ಷಡ್ಜದವರೆಗೆ. ನಡುವಿನ ಉಬ್ಬು ಮಂದ್ರ ಮಧ್ಯಮವಾಗಿ ಕೆಳಗಿನಿಂದ ಗುಂಯ್ ಎನ್ನುತ್ತಿತ್ತು. ತಂಬೂರಿಯನ್ನು ಮಧ್ಯಮಕ್ಕೆ ಇಟ್ಟುಕೊಂಡರೆ ಅದರ ಸೊಗಸೇ ಬೇರೆ. ನಿನ್ನ ಕಪ್ಪು ನಾಲ್ಕಕ್ಕೂ ಬಿಳಿ ಆರಕ್ಕೂ ಅರ್ಧ ಸ್ವರದ ಅಂತರ ಮಾತ್ರ, ಹಾಡಲು ಕಷ್ಟವಾಗದು. ಬಿಳಿ ಐದನ್ನು ಷಡ್ಜ ಮಾಡಿದರೆ ಕಾಫಿಯ ಸ್ವರಗಳೂ ಅದರಲ್ಲೇ ಇವೆ, ಆದರೆ ಷಡ್ಜ ತೀರ ಮೇಲೆ ಬರುವುದರಿಂದ ನಮಗೆ ಅನುಕೂಲವಾಗಲಿಲ್ಲ.

ಒಂದು ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಹಣ ಪಡೆದು ಕಾರ್ಯಕ್ರಮ ಕೊಡುವಂತಿಲ್ಲ. ಟಿಕೆಟ್ ಇಟ್ಟು ಮಾಡುವುದಾದರೆ ಅವರ ವೀಸಾ ಯಾವುದೆಂದು ಮೊದಲೇ ಕೇಳು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕವನ್ನೂ ಹಚ್ಚುವಂತಿಲ್ಲ.

ಉತ್ತರ: ಶಿರಸಿಯ ಸಂಗೀತ ಶಿಕ್ಷಕಿ

ಗುರುಗಳಿಗೆ ಇವತ್ತೇ ಹೇಳು. ಬೇರೆಯವರ ಬಾಯಿಂದ ತಿಳಿದರೆ ಅವರಿಗೆ ನೋವಾಗುವುದು ನೀನು ಗಿಟಾರಿನ ಜೊತೆ ಹಾಡಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ನಮ್ಮ ಪರಂಪರೆಯವರೇನೂ ಬಾಗಿಲು ಹಾಕಿಕೊಂಡು ಕುಳಿತವರಲ್ಲ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತು, ಆಮೇಲೆ ಬೇರೆ ಬೇರೆ ಘರಾಣೆಗಳ ಹಲವು ಗುರುಗಳ ಮುಂದೆ ಕುಳಿತು ಕಲಿತರು. ಅವರ ಶಿಷ್ಯರಾದ ಗಣಪತಿ ಭಟ್ಟರು ನಮ್ಮ ಯಲ್ಲಾಪುರ ತಾಲೂಕಿನ ಹಾಸಣಗಿ ಎಂಬ ಪುಟ್ಟ ಊರಿನ ಹೆಸರನ್ನು ದೇಶದ ವೇದಿಕೆಗಳಿಗೆ ಒಯ್ದರು. ಪಡೆಯುವುದಕ್ಕೆ ಹೆದರಬೇಕಾಗಿಲ್ಲ, ಅರ್ಧಂಬರ್ಧ ಪಡೆಯುವುದಕ್ಕೆ ಹೆದರಬೇಕು.

ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ ಐರ್ಲೆಂಡಿನ ಗಾಯಕಿಯೊಬ್ಬಳು ನಮ್ಮ ಮನೆಯಲ್ಲಿ ಹನ್ನೆರಡು ದಿನ ಇದ್ದಳು. ಅವರಲ್ಲಿ ‘ಶಾನ್ ನೋಸ್’ ಎಂಬ ಹಳೆಯ ಹಾಡುಗಾರಿಕೆ ಇದೆ. ಪಕ್ಕವಾದ್ಯವಿಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ, ಒಂಟಿ ಕಂಠ. ಐರಿಷ್ ಭಾಷೆಯ ಸಾಲನ್ನು ಸಣ್ಣ ಸಣ್ಣ ಕೊಂಕುಗಳಿಂದ ಬಳುಕಿಸುತ್ತ ಹಾಡುತ್ತಾರೆ. ಅದನ್ನು ಮೊದಲು ಕೇಳಿದಾಗ ನನಗೆ ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ಹಾಡುಗಳ ನೆನಪಾಯಿತು.

ಆ ದಿನ ಸಂಜೆ ಮಳೆಗೆ ವಿದ್ಯುತ್ ಹೋಗಿತ್ತು. ಚಿಮಣಿ ಹಚ್ಚಿಟ್ಟು ಜಗುಲಿಯಲ್ಲಿ ಕುಳಿತಿದ್ದೆವು. ಹಾಡಲು ಶುರು ಮಾಡುವ ಮೊದಲು ಅವಳು ಕೈ ಚಾಚಿ, ‘ಹಿಡಿದುಕೊಳ್ಳಿ’ ಎಂದಳು. ಅವರಲ್ಲಿ ಹಾಗೊಂದು ರೂಢಿಯಂತೆ. ಹಾಡುವವರ ಕೈಯನ್ನು ಪಕ್ಕದವರು ಹಿಡಿದು ಹಾಡಿನ ನಡೆಗೆ ಮೆಲ್ಲಗೆ ಸುತ್ತಿಸುತ್ತಾರೆ. ನಾನು ಹಿಡಿದೆ. ಭಾಷೆ ಒಂದಕ್ಷರ ತಿಳಿಯದಿದ್ದರೂ ಅವಳು ಎಲ್ಲಿ ಉಸಿರು ಎಳೆಯುತ್ತಾಳೆ, ಯಾವ ಶಬ್ದಕ್ಕೆ ಬೆರಳು ಬಿಗಿಯುತ್ತದೆ ಎಂಬುದೆಲ್ಲ ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಇಪ್ಪತ್ತು ವರ್ಷ ಕಲಿಸಿದ ಮೇಲೆ ನಾನು ಉಸಿರಿನ ಪಾಠ ಕಲಿತದ್ದು ಅಂದು. ಈಗ ಚಿಕ್ಕ ಮಕ್ಕಳಿಗೆ ನಿಧಾನ ಲಯದ ವಿಲಂಬಿತ ಕಲಿಸುವಾಗ ನಾನೂ ಕೈ ಹಿಡಿದುಕೊಳ್ಳುತ್ತೇನೆ. ಐರಿಷ್ ಹಾಡು ನನ್ನ ಗಾಯನದಲ್ಲಿ ಎಲ್ಲಿಯೂ ಇಲ್ಲ. ಆದರೆ ಅವಳ ಕೈ ಇದೆ.

ನಾವು ಒಟ್ಟಿಗೆ ಒಂದು ಕಾರ್ಯಕ್ರಮವನ್ನೂ ಕೊಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈಗ ಎಲ್ಲರಿಗೂ ಭೇಟಿಯಾದ ಮೂರನೆಯ ದಿನಕ್ಕೆ ವೇದಿಕೆ ಬೇಕು.

ಬದುಕಿನ ಪ್ರಶ್ನೆ ಕೇಳಿದ್ದೀಯ. ನಾವಿಬ್ಬರೂ ಹೆಚ್ಚು ಹೊತ್ತು ಮಾತಾಡಿದ್ದು ಅದನ್ನೇ. ಅವರ ಸರ್ಕಾರ 2022ರಲ್ಲಿ ಕಲಾವಿದರಿಗೆ ಮೂಲ ಆದಾಯ ಕೊಡುವ ಪ್ರಯೋಗ ಶುರು ಮಾಡಿತು: 2000 ಮಂದಿಗೆ ಮೂರು ವರ್ಷ, ವಾರಕ್ಕೆ 325 ಯೂರೋ. ಅವಳ ಹೆಸರು ಅದರಲ್ಲಿ ಇರಲಿಲ್ಲ. ಶಾಲೆಯಲ್ಲಿ ಪಾಠ ಹೇಳಿ ಜೀವನ ಮಾಡುತ್ತಿದ್ದಳು, ನನ್ನ ಹಾಗೆಯೇ. ಪಾಠದಿಂದ ಬಂದು ದಣಿದು ಕುಳಿತಾಗ ಸೃಷ್ಟಿಶೀಲತೆ ಎಲ್ಲಿಂದ ಬರಬೇಕು ಎಂದು ನಾನು ಕೇಳಿದೆ. ದಣಿವಿನಲ್ಲಿ ಹೊಸದನ್ನು ಹುಡುಕುವುದಿಲ್ಲ, ಬಲ್ಲ ಹಾಡನ್ನೇ ನಿಧಾನವಾಗಿ ಹೇಳುತ್ತೇನೆ, ಹೊಸತು ಇದ್ದರೆ ಅದರೊಳಗೇ ತೋರುತ್ತದೆ ಎಂದಳು.

ಅಪ್ಪನ ಜೊತೆ ಜಗಳ ಬೇಡ. ಒಂದು ವರ್ಷದ ಅವಧಿ ಕೇಳು. ಈ ಚಳಿಗಾಲದ ಆದಾಯ, ಖರ್ಚು ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟು ಯುಗಾದಿಯ ಹೊತ್ತಿಗೆ ಅವರ ಮುಂದೆ ಇಡು. ಬಿ.ಎಡ್. ಆ ಮೇಲೆಯೂ ಮಾಡಬಹುದು. ಕಲಿಸಿ ಉಣ್ಣುವುದು ಕಲಾವಿದನ ಸೋಲು ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ನಾನು 36 ಮಕ್ಕಳಿಗೆ ಕಲಿಸುತ್ತೇನೆ, ನನ್ನ ಯಮನ್ ಅದರಿಂದ ಬೆಳೆದಿದೆ.

ಉತ್ತರ: ಹೊನ್ನಾವರದ ಮದ್ದಲೆ ವಾದಕ

ಶಿಕ್ಷಕಿಯವರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಹೊರಗಿನವರು ನಮಗೆ ಹೊಸಬರಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರು, ಅವರ ಮಗ ಶಂಭು ಹೆಗಡೆಯವರ ಹೆಸರಿನ ನಾಟ್ಯೋತ್ಸವಕ್ಕೆ ಇಂದಿಗೂ ಬೇರೆ ಬೇರೆ ಪ್ರಾಂತ್ಯಗಳ ಕಲೆಗಳು ನಮ್ಮ ತಾಲೂಕಿನ ಗುಣವಂತೆಗೆ ಬರುತ್ತವೆ. ನೋಡಿ ಬೆಳೆದವರಿಗೆ ಹೆದರಿಕೆ ಕಡಿಮೆ.

ಒಮ್ಮೆ ಬಲ್ಗೇರಿಯಾದ ಡೋಲಿನವನೊಬ್ಬ ಆಟ ನೋಡಲು ಬಂದು ಬೆಳಗ್ಗೆ ನಮ್ಮ ಮನೆಗೆ ಬಂದ. ತ್ರಿವುಡೆ ತಾಳ ನುಡಿಸಿದೆ. ಅವನ ಕಣ್ಣು ಅರಳಿತು, ‘ನಮ್ಮಲ್ಲಿಯೂ ಏಳು’ ಎಂದು ‘ರಾಚೆನಿತ್ಸಾ’ ಎಂಬ ಕುಣಿತದ ಗತಿಯನ್ನು ಬಾರಿಸಿದ. ಇಬ್ಬರದ್ದೂ ಏಳೇ ಮಾತ್ರೆ. ಆದರೂ ಸೇರಿ ಬಾರಿಸಿದರೆ ಕಾಲು ಬೇರೆ ಬೇರೆ ಕಡೆ ಬೀಳುತ್ತಿತ್ತು. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯಿಂದ ಏಳನ್ನು ಎತ್ತಿ ಚಾಪೆಯ ಮೇಲೆ ಸುತ್ತ ಇಟ್ಟೆ: ಮೂರು, ಎರಡು, ಎರಡು. ಇದು ನನ್ನದು ಎಂದೆ. ಅವನು ಸ್ವಲ್ಪ ಹೊತ್ತು ನೋಡಿದ. ಒಂದು ಅಡಿಕೆಯನ್ನೂ ಸರಿಸಲಿಲ್ಲ. ನಾಲ್ಕನೆಯ ಅಡಿಕೆಯ ಮೇಲೆ ಬೆರಳಿಟ್ಟು ಅಲ್ಲಿಂದ ಎಣಿಸಿದ: ಎರಡು, ಎರಡು, ಮೂರು. ಅದೇ ಸುತ್ತು, ಹೊರಡುವ ಜಾಗ ಮಾತ್ರ ಬೇರೆ! ಆಮೇಲೆ ಅವನು ಕರವಸ್ತ್ರ ಬೀಸುತ್ತ ಕುಣಿದ, ನಾನು ತ್ರಿವುಡೆ ಬಿಡದೆ ನುಡಿಸಿದೆ. ಯಾರೂ ಯಾರಿಗಾಗಿಯೂ ಬಗ್ಗಲಿಲ್ಲ.

ತಂಗಿ, ನೀನು ಹಾಡುವಾಗ ನಿನ್ನ ಸಮವನ್ನು, ಅಂದರೆ ತಾಳದ ಮೊದಲ ಪೆಟ್ಟನ್ನು, ಬಿಟ್ಟುಕೊಡಬೇಡ. ಅವರದ್ದು ಎಲ್ಲಿದೆ ಎಂದು ಕೇಳಿ ತಿಳಿದುಕೋ. ಸ್ಪೇನಿನವರ ಫ್ಲಮೆಂಕೋದಲ್ಲಿ ಹನ್ನೆರಡರ ಸುತ್ತು ಇದೆ, ನಿಮ್ಮ ಏಕತಾಳವೂ ಹನ್ನೆರಡು. ಅವರಲ್ಲಿ ಒತ್ತು ಬೀಳುವುದು ಮೂರು, ಆರು, ಎಂಟು, ಹತ್ತು, ಹನ್ನೆರಡಕ್ಕೆ. ಹನ್ನೆರಡು ಅಡಿಕೆ ಇಟ್ಟುಕೊಂಡು ಕುಳಿತರೆ ಒಂದು ಬೆಳಗ್ಗೆ ಸಾಕು.

ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಅವನು ಕೇಳಿದ್ದ. ತಾಳಮದ್ದಲೆಗೆ ಹೋಗುತ್ತೇನೆ, ತೋಟದಲ್ಲಿ ಅಡಿಕೆಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸುತ್ತೇನೆ, ಮದ್ದಲೆಯ ಚರ್ಮ ತಣಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ ಎಂದೆ. ಅವನೂ ಬೇಸಿಗೆಯಲ್ಲಿ ಮದುವೆಗಳಿಗೆ ಬಾರಿಸಿ, ಚಳಿಗಾಲದಲ್ಲಿ ಲಾರಿ ಓಡಿಸುತ್ತಾನಂತೆ. ಅದನ್ನು ಕೇಳಿದ ಮೇಲೆ ಅವನು ನನಗೆ ಹತ್ತಿರದವನಾದ.

ಉತ್ತರ: ಯಲ್ಲಾಪುರದ ಡಮಾಮಿ ಕಲಾವಿದ

ನಾವು ಸಿದ್ದಿಗಳು. ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು. ನಮ್ಮಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ, ನಮ್ಮ ಡಮಾಮಿ ಡೋಲು ಬಡಿದಾಗ ಮೂವರೂ ಕುಣಿಯುತ್ತಾರೆ. ಹಾಗಾಗಿ ಬೇರೆಯವರೊಡನೆ ಕೂಡುವುದು ನಮಗೆ ಕಷ್ಟದ ಸಂಗತಿಯಲ್ಲ. ನನ್ನ ಎಚ್ಚರಿಕೆ ಬೇರೆ.

ಹೊರಗಿನಿಂದ ಬಂದ ತಂಡವೊಂದು ಎರಡು ದಿನ ನಮ್ಮ ಜೊತೆ ಉಂಡು, ಕುಣಿದು, ಎಲ್ಲವನ್ನೂ ಧ್ವನಿಮುದ್ರಣ ಮಾಡಿಕೊಂಡು ಹೋಯಿತು. ಒಂದು ವರ್ಷದ ನಂತರ ನಮ್ಮ ಹುಡುಗನೊಬ್ಬ ಮೊಬೈಲಿನಲ್ಲಿ ಕೇಳಿಸಿದ. ನನ್ನ ಅತ್ತೆಯ ದನಿ, ನನ್ನ ಕೈಯ ಪೆಟ್ಟು, ಅದರ ಮೇಲೆ ಯಂತ್ರದ ತಾಳ. ಒಬ್ಬರ ಹೆಸರೂ ಇರಲಿಲ್ಲ. ಅತ್ತೆ ಆಗ ತೀರಿಕೊಂಡಿದ್ದರು. ಅವರ ದನಿ ಹಾಗೆ ಹೆಸರಿಲ್ಲದೆ ತಿರುಗುತ್ತಿರುವುದು ಈಗಲೂ ನನಗೆ ಸಹಿಸಲು ಆಗುವುದಿಲ್ಲ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿದೆ. ಹಾಡಿದವರು, ನುಡಿಸಿದವರು ತಮ್ಮ ಹೆಸರು ಹೇಳಬೇಕೆಂದು ಕೇಳುವ ಹಕ್ಕು, ವ್ಯಾಪಾರಕ್ಕೆ ಬಳಸಿದರೆ ಪಾಲು ಕೇಳುವ ಹಕ್ಕು ಎರಡೂ ಅದರಲ್ಲಿವೆ. ಮೊಬೈಲನ್ನು ಎದುರಿಗೆ ಇಡುವ ಮೊದಲೇ ಒಂದು ಹಾಳೆಯಲ್ಲಿ ಬರೆಯಿಸಿಕೊಳ್ಳಿ: ಯಾರು ಹಾಡಿದರು, ಎಲ್ಲಿ ಬಳಸುತ್ತೀರಿ, ಹಣ ಬಂದರೆ ಹೇಗೆ ಹಂಚುತ್ತೀರಿ. ಒಳ್ಳೆಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಉತ್ತರ: ಕಾರವಾರದಿಂದ

ಬೇರೆ ಸಂಸ್ಕೃತಿಯವರು ವಿಮಾನದಲ್ಲೇ ಬರಬೇಕೆಂದಿಲ್ಲ. ಅಂಕೋಲಾದ ಹಾಲಕ್ಕಿಗಳ ಗುಮಟೆಯೂ ಗೋವಾದ ಘುಮಟವೂ ಒಂದೇ ಬಗೆಯ ವಾದ್ಯ, ಮಣ್ಣಿನ ಮಡಕೆಗೆ ಚರ್ಮ ಬಿಗಿದದ್ದು. ಉಡದ ಚರ್ಮ ನಿಷಿದ್ಧವಾದ ಮೇಲೆ ಎರಡೂ ಕಡೆ ಮೇಕೆಯ ಚರ್ಮಕ್ಕೆ ಬಂದರು. ಚರ್ಮ ಬದಲಾದಾಗ ನಾದವನ್ನು ಹೇಗೆ ಉಳಿಸಿಕೊಳ್ಳಬೇಕೆಂಬ ಕಷ್ಟವೂ ಎರಡೂ ಕಡೆ ಒಂದೇ. 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು ಅಷ್ಟೊಂದು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಗೋಕರ್ಣಕ್ಕೆ ಹೋಗುವ ಮೊದಲು ಒಂದು ದಿನ ಅಂಕೋಲಾದ ಕಡೆ ಹೋಗಿ ಆ ಹಾಡುಗಳನ್ನು ಕೇಳಿ ಬಾ, ತಂಗಿ. ನಿನ್ನ ಮನೆಯಿಂದ ಅದೇನೂ ದೂರವಲ್ಲ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ಗುರುಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆಳಗಿನ ರಿಯಾಜು ತಪ್ಪಬಾರದು, ಅವರನ್ನು ಒಂದು ದಿನ ಮನೆಗೆ ಕರೆದುಕೊಂಡು ಬಾ’ ಎಂದರು. ಹ್ಯಾಂಡ್‌ಪ್ಯಾನಿನಲ್ಲಿ ಬಿಳಿ ಆರರಿಂದ ಭೈರವಿ ಹಾಡಿ ನೋಡಿದೆವು. ಕೋಮಲ ರಿಷಭಕ್ಕೆ ಬಂದಾಗ ಆಕೆ ಕೈ ತೆಗೆದು ನನ್ನನ್ನು ಒಂಟಿಯಾಗಿ ಹಾಡಲು ಬಿಟ್ಟರು. ಹಾಗೆ ಮಾಡಿ ಎಂದು ನಾನು ಹೇಳಿರಲಿಲ್ಲ. ಅಪ್ಪ ಯುಗಾದಿಯವರೆಗೆ ಕಾಯುತ್ತೇನೆ ಎಂದಿದ್ದಾರೆ, ಲೆಕ್ಕದ ಪುಸ್ತಕವನ್ನು ಅವರೇ ತಂದುಕೊಟ್ಟರು.

ಅಡಿಕೆಯನ್ನು ಮಾತ್ರ ನಾಳೆ ಒಯ್ಯುತ್ತೇನೆ. ಹನ್ನೆರಡು.