ಎಂಟನೆಯ ಸ್ಥಾನಕ್ಕೆ ಇಷ್ಟೊಂದು ಸಂಭ್ರಮವೇಕೆ? ಅಮೆರಿಕದ ಕಾಲೇಜು ಮಹಿಳಾ ಅಥ್ಲೆಟಿಕ್ಸ್‌ನ ಅಂಕಗಳ ಲೆಕ್ಕ

ಪ್ರಶ್ನೆ: ಪೋರ್ಟ್‌ಲ್ಯಾಂಡ್ ಕನ್ನಡಿಗ

ದಾವಣಗೆರೆಯಿಂದ ಬಂದಿದ್ದ ನನ್ನ ತಾಯಿಯನ್ನೂ ಹೈಸ್ಕೂಲಿನಲ್ಲಿ 400 ಮೀಟರ್ ಓಡುವ ಮಗಳನ್ನೂ ಕರೆದುಕೊಂಡು ಯೂಜೀನ್‌ನ ಹೇವರ್ಡ್ ಫೀಲ್ಡ್‌ನಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ಮಹಿಳಾ ಹೊರಾಂಗಣ ಚಾಂಪಿಯನ್‌ಷಿಪ್‌ನ ಕೊನೆಯ ದಿನದ ಸ್ಪರ್ಧೆಗಳನ್ನು ನೋಡಿ ಬಂದೆ. ಹರ್ಡಲ್ಸ್ ಓಟದಲ್ಲಿ ಎಂಟನೆಯವಳಾಗಿ ಗುರಿ ಮುಟ್ಟಿದ ಹುಡುಗಿಯೊಬ್ಬಳು ಏದುಸಿರು ಬಿಡುತ್ತಾ ಬೇಲಿಯ ಬಳಿಗೆ ಬಂದಾಗ ಅವಳ ತಂಡದವರು ಬೇಲಿಯ ಮೇಲಿಂದಲೇ ಬಗ್ಗಿ ಅವಳನ್ನು ತಬ್ಬಿಕೊಂಡು ಕುಣಿದರು. "ಗೆದ್ದವಳಿಗೂ ಇಷ್ಟು ಉಪಚಾರ ಆಗಲಿಲ್ಲವಲ್ಲ" ಎಂದು ತಾಯಿ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ತಂಡದ ಪ್ರಶಸ್ತಿಯನ್ನು ಯಾವ ಲೆಕ್ಕದಲ್ಲಿ ನಿರ್ಧರಿಸುತ್ತಾರೆ, ಅದಕ್ಕೂ ಮೊದಲು ನಡೆಯುವ ಪ್ರಾದೇಶಿಕ ಸುತ್ತಿನ ಸಾಧನೆಯೂ ಆ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಓಟದ ಹಳಬ

ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯಲ್ಲೇ ಈ ಕೂಟದ ಗುಟ್ಟು ಇದೆ. ಪ್ರತಿ ಸ್ಪರ್ಧೆಯಲ್ಲಿ ಮೊದಲ ಎಂಟು ಸ್ಥಾನಗಳಿಗೆ ಕ್ರಮವಾಗಿ 10, 8, 6, 5, 4, 3, 2, 1 ಅಂಕ. ಒಂಬತ್ತನೆಯವಳಿಗೆ ಏನೂ ಇಲ್ಲ. ನೀವು ನೋಡಿದ ಹುಡುಗಿ ತನ್ನ ವಿಶ್ವವಿದ್ಯಾಲಯಕ್ಕೆ ಒಂದು ಅಂಕ ತಂದುಕೊಟ್ಟಿದ್ದಳು.

ಒಂದು ಅಂಕ ಎಂದು ಹಗುರವಾಗಿ ಕಾಣಬೇಡಿ. ಒಂದು ಸ್ಪರ್ಧೆಯಲ್ಲಿ ಹಂಚುವುದು ಒಟ್ಟು 39 ಅಂಕ. ಮಹಿಳೆಯರಿಗೆ 21 ಸ್ಪರ್ಧೆಗಳಿರುವುದರಿಂದ ಇಡೀ ಕೂಟದಲ್ಲಿ 819 ಅಂಕಗಳು. ಅಷ್ಟರಲ್ಲಿ ಕೇವಲ 53 ಅಂಕ ಗಳಿಸಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2018ರಲ್ಲಿ ಪ್ರಶಸ್ತಿ ಗೆದ್ದಿತು. ಜಾರ್ಜಿಯಾ ಗಳಿಸಿದ್ದು 52.

ಆ ಸಂಜೆಯ ಕೊನೆಯ ಸ್ಪರ್ಧೆ, ಎಂದಿನಂತೆ, 4x400 ರಿಲೇ. ಹೇವರ್ಡ್ ಫೀಲ್ಡ್‌ನ ಹಳೆಯ ಕ್ರೀಡಾಂಗಣವನ್ನು ಕೆಡವುವ ಮುನ್ನ ನಡೆದ ಕೊನೆಯ ಕೂಟ ಅದು, ಮಳೆ ಬೇರೆ. ಸದರ್ನ್ ಕ್ಯಾಲಿಫೋರ್ನಿಯಾದ ಬಳಿ ಆಗ 43 ಅಂಕಗಳಿದ್ದವು. ರಿಲೇ ಗೆದ್ದರೆ 53, ಎರಡನೆಯ ಸ್ಥಾನಕ್ಕೆ ಜಾರಿದರೆ 51, ಅಂದರೆ ಪ್ರಶಸ್ತಿ ಜಾರ್ಜಿಯಾದ ಪಾಲು. ಕೊನೆಯ ಬ್ಯಾಟನ್ ಕೈಬದಲಾವಣೆ ಎಡವಟ್ಟಾಗಿ ಕೆಂಡಲ್ ಎಲ್ಲಿಸ್ ಬಹಳ ಹಿಂದೆ ಬಿದ್ದರು, ಕೊನೆಯ ನೇರ ಹಾದಿಗೆ ತಿರುಗಿದಾಗಲೂ ಮೂರನೆಯವರಾಗಿದ್ದರು. ಅಲ್ಲಿಂದ ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿ, ಪರ್ಡ್ಯೂ ತಂಡಕ್ಕಿಂತ 0.07 ಸೆಕೆಂಡು ಮುಂಚೆ ಗೆರೆ ದಾಟಿದರು. ಆದರೆ ಆ 43 ಅಂಕಗಳಲ್ಲಿ ಯಾರೋ ತಂದ ಎರಡೇ ಅಂಕ ಕಡಿಮೆಯಾಗಿದ್ದರೂ ಎಲ್ಲಿಸ್‌ರ ಓಟ ಪ್ರಶಸ್ತಿ ತರುತ್ತಿರಲಿಲ್ಲ. ಬೇಲಿಯ ಬಳಿ ಕುಣಿದವರಿಗೆ ಈ ಗಣಿತ ಬಾಯಿಪಾಠವಾಗಿರುತ್ತದೆ.

ಉತ್ತರ: ತುಂಗಾತೀರ

ಪ್ರಾದೇಶಿಕ ಸುತ್ತಿನ ಬಗ್ಗೆ ಹೇಳುವುದಾದರೆ, ಅಲ್ಲಿ ಅಂಕಗಳಿಲ್ಲ. ದೇಶವನ್ನು ಪೂರ್ವ, ಪಶ್ಚಿಮ ಎಂದು ಎರಡಾಗಿ ವಿಂಗಡಿಸಿ, ಪ್ರತಿ ವೈಯಕ್ತಿಕ ಸ್ಪರ್ಧೆಗೆ ಒಂದೊಂದು ಕಡೆ 48 ಮಂದಿಯನ್ನು ಕರೆದು, ತಲಾ 12 ಮಂದಿಯನ್ನು ಮುಂದಕ್ಕೆ ಕಳಿಸುತ್ತಾರೆ. ಏಳು ಸ್ಪರ್ಧೆಗಳನ್ನು ಒಟ್ಟುಗೂಡಿಸಿದ ಹೆಪ್ಟಾಥ್ಲಾನ್‌ಗೆ ಮಾತ್ರ ಈ ಸುತ್ತು ಇಲ್ಲ. ವರ್ಷವಿಡೀ ಚೆನ್ನಾಗಿ ಓಡಿದವಳು ಮೇ ಕೊನೆಯ ಒಂದು ಕೆಟ್ಟ ದಿನದಿಂದಾಗಿ ಮನೆಯಲ್ಲೇ ಉಳಿಯಬೇಕಾಗುವ ಈ ಕ್ರಮ ನನಗೆ ಕಠೋರವೆನಿಸುತ್ತದೆ.

ಹಳಬರ ಮಾತಿಗೆ ಒಂದು ಸೇರ್ಪಡೆ. ದಾಖಲೆ ಮುರಿದರೂ ಹೆಚ್ಚುವರಿ ಅಂಕ ಸಿಗುವುದಿಲ್ಲ. 2019ರಲ್ಲಿ ಆಸ್ಟಿನ್‌ನಲ್ಲಿ ಲೂಸಿಯಾನಾ ಸ್ಟೇಟ್‌ನ ಶಕ್ಯಾರಿ ರಿಚರ್ಡ್‌ಸನ್ 100 ಮೀಟರನ್ನು 10.75 ಸೆಕೆಂಡಿನಲ್ಲಿ ಓಡಿ 20 ವರ್ಷದೊಳಗಿನವರ ವಿಶ್ವದಾಖಲೆ ಮಾಡಿದಾಗಲೂ ದೊರೆತದ್ದು ಅದೇ 10 ಅಂಕ. ತಂಡದ ಪ್ರಶಸ್ತಿ ಆರ್ಕನ್ಸಾಸ್‌ಗೆ ಹೋಯಿತು. ಆದ್ದರಿಂದ ಎರಡೆರಡು ಸ್ಪರ್ಧೆ ಗೆಲ್ಲಬಲ್ಲವರಿಗೆ ತರಬೇತುದಾರರ ಕಣ್ಣಿನಲ್ಲಿ ಬೇರೆಯೇ ಬೆಲೆ. 2024ರಲ್ಲಿ ಫ್ಲಾರಿಡಾದ ಪಾರ್ಕರ್ ವಾಲ್ಬಿ 10,000 ಮತ್ತು 5,000 ಮೀಟರ್ ಎರಡನ್ನೂ ಗೆದ್ದು ಒಬ್ಬರೇ 20 ಅಂಕ ತಂದರು. ರಿಲೇಯಲ್ಲಿ ನಾಲ್ವರು ಬೆವರು ಸುರಿಸಿದರೂ ಸಿಗುವುದು ಹತ್ತೇ.

ಉತ್ತರ: ಮೈದಾನದಂಚು

ಇತಿಹಾಸದ ಒಂದು ಮಾತು ಸೇರಿಸುತ್ತೇನೆ. ಪುರುಷರಿಗೆ ಎನ್‌ಸಿಎಎ ಈ ಕೂಟವನ್ನು 1921ರಲ್ಲೇ ಆರಂಭಿಸಿತ್ತು. ಮಹಿಳೆಯರಿಗೆ ಆರಂಭಿಸಿದ್ದು 1982ರಲ್ಲಿ, ಯೂಟಾದ ಪ್ರೋವೋದಲ್ಲಿ. ಅಲ್ಲಿಯವರೆಗೆ ಕಾಲೇಜು ಹುಡುಗಿಯರು ಓಡುತ್ತಿರಲಿಲ್ಲ ಎಂದಲ್ಲ, ಎಐಎಡಬ್ಲ್ಯು ಎಂಬ ಪ್ರತ್ಯೇಕ ಸಂಸ್ಥೆ ಅವರಿಗಾಗಿ ರಾಷ್ಟ್ರೀಯ ಕೂಟಗಳನ್ನು ನಡೆಸುತ್ತಿತ್ತು. ಮೊದಲ ಎನ್‌ಸಿಎಎ ಪ್ರಶಸ್ತಿ ಗೆದ್ದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡದಲ್ಲಿ ಹೆಪ್ಟಾಥ್ಲಾನ್ ಗೆದ್ದ ಜಾಕಿ ಜಾಯ್ನರ್ ಇದ್ದರು, 200 ಮೀಟರ್ ಗೆದ್ದ ಫ್ಲಾರೆನ್ಸ್ ಗ್ರಿಫಿತ್ ಇದ್ದರು. ಅನಂತರ 1987ರಿಂದ 1997ರವರೆಗೆ ಲೂಸಿಯಾನಾ ಸ್ಟೇಟ್ ಸತತ 11 ಬಾರಿ ಗೆದ್ದಿತು. ನಮ್ಮವರ ಹೆಸರು ಹುಡುಕುವವರಿಗೆ, ಪುರುಷರ ವಿಭಾಗದಲ್ಲಾದರೂ, ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಇದ್ದಾರೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಡಿಸ್ಕಸ್ ಎಸೆತ ಗೆದ್ದರು.

ಮರುಪ್ರಶ್ನೆ: ಪೋರ್ಟ್‌ಲ್ಯಾಂಡ್ ಕನ್ನಡಿಗ

ಎಲ್ಲರಿಗೂ ಧನ್ಯವಾದಗಳು. ತಾಯಿಗೆ ಓದಿ ಹೇಳಿದೆ. 819ರಲ್ಲಿ 53 ಎಂದಾಗ "ನಮ್ಮಲ್ಲಾದರೆ ಫೇಲು" ಎಂದು ನಕ್ಕರು. ಮಗಳದ್ದು ಇನ್ನೊಂದು ಸಂದೇಹ: ಅಂಕಫಲಕದಲ್ಲಿ ಕೆಲವು ತಂಡಗಳ ಮುಂದೆ ಅರ್ಧ ಅಂಕವೂ ಕಂಡಿತಂತೆ. ಅದು ಎಲ್ಲಿಂದ ಬರುತ್ತದೆ?

ಉತ್ತರ: ಓಟದ ಹಳಬ

ಹೆಚ್ಚಾಗಿ ಹೈಜಂಪ್ ಮತ್ತು ಪೋಲ್‌ವಾಲ್ಟ್‌ನಿಂದ. ಇಬ್ಬರು ಒಂದೇ ಎತ್ತರದಲ್ಲಿ ನಿಂತು, ವಿಫಲ ಯತ್ನಗಳ ಎಣಿಕೆಯಿಂದಲೂ ಅವರನ್ನು ಬೇರ್ಪಡಿಸಲಾಗದಿದ್ದರೆ, ಅವರು ಹಂಚಿಕೊಂಡ ಸ್ಥಾನಗಳ ಅಂಕಗಳನ್ನು ಕೂಡಿಸಿ ಸಮವಾಗಿ ಹಂಚುತ್ತಾರೆ. ನಾಲ್ಕನೆಯ ಸ್ಥಾನದಲ್ಲಿ ಇಬ್ಬರಿದ್ದರೆ ಐದು ಮತ್ತು ನಾಲ್ಕು ಸೇರಿ ಒಂಬತ್ತು, ತಲಾ ನಾಲ್ಕೂವರೆ.